ಪೊಟ್ಟಣ ಕಟ್ಟಿದ ಹಾರೈಕೆಗಳು

ಮನುಷ್ಯನು ಮಾತನ್ನು ಕಂಡುಕೊಂಡದ್ದೇ ಬೇಡುವುದಕ್ಕಾಗಿ. ವರ್ಣಿಸುವುದು, ವಾದಿಸುವುದು, ಉಪದೇಶಿಸುವುದು ಇವೆಲ್ಲ ಆಮೇಲೆ ಒದಗಿದ ಸೌಕರ್ಯಗಳು. ಹೀಗೆಂದು ನನ್ನ ಪ್ರಬಂಧದ ಮೊದಲ ವಾಕ್ಯವನ್ನು ಬರೆದು, ಅದರ ಗಾಂಭೀರ್ಯಕ್ಕೆ ನಾನೇ ತಲೆದೂಗುತ್ತಿದ್ದ ಹೊತ್ತಿನಲ್ಲಿ, ನನ್ನ ಮನೆಯಾಕೆ ಬಚ್ಚಲಿಗೆ ಎರಡು ಕೊಡ ನೀರು ಸೇದಿಕೊಡಿ ಎಂದು ಒಳಗಿನಿಂದ ಮೂರನೆಯ ಸಲ ಬೇಡುತ್ತಿದ್ದಳು. ಮೊದಲ ಎರಡು ಸಲ ನನಗೆ ಕೇಳಿಸಿರಲಿಲ್ಲ.

ಸೆಮಿಟಿಕ್ ಭಾಷೆಗಳನ್ನಾಡುವ ಜನ, ಅಂದರೆ ಹೀಬ್ರೂ, ಅರಬ್ಬಿ, ಸಿರಿಯಾಕ್ ಭಾಷೆಗಳವರು, ಹೇಗೆ ಹಾರೈಸುತ್ತಾರೆ, ಹೇಗೆ ಕೇಳಿಕೊಳ್ಳುತ್ತಾರೆ ಎಂಬುದನ್ನು ಹೋಲಿಸಿ ನೋಡುವುದು ಪ್ರಬಂಧದ ವಿಷಯ. ಶಿವಮೊಗ್ಗದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು ಓಡಾಡುವ ಮನುಷ್ಯನಿಗೆ ಈ ಉಸಾಬರಿ ಏಕೆ ಎಂದು ಊರಿನಲ್ಲಿ ಅನೇಕರು ಕೇಳಿದ್ದರು. ನನ್ನ ಗುರುಗಳು ಮಾಡು ಎಂದಿದ್ದರು. ಅವರು ಮಾಡು ಎಂದದ್ದನ್ನು ಮಾಡದೆ ಉಳಿದವರನ್ನು ನಾನು ಕಂಡಿರಲಿಲ್ಲ. ಬರೆಯಲು ತೊಡಗಿದ ಮೇಲೆ ನನಗೂ ರುಚಿ ಹತ್ತಿತು. ಅರಬ್ಬಿಯವರು ಹಾರೈಸುವಾಗ ಆಗಿಹೋದ ಸಂಗತಿಯನ್ನು ಹೇಳುವವರಂತೆ ಹೇಳುತ್ತಾರೆ. ‘ದೇವರು ಅವನಿಗೆ ಕರುಣೆ ತೋರಿದ’ ಎಂದರೆ ‘ತೋರಲಿ’ ಎಂದು ತಿಳಿಯಬೇಕು. ಹೀಬ್ರೂವಿನವರು ಕೆಲವು ಕ್ರಿಯಾಪದಗಳ ಬಾಲವನ್ನು ಮೊಟಕುಮಾಡಿ ಹಾರೈಸುತ್ತಾರೆ. ಆಸೆ ಕೈಗೂಡುವಂಥದ್ದಲ್ಲ ಎನ್ನಿಸಿದರೆ ‘ಯಾರು ಕೊಟ್ಟಾರು’ ಎಂದು ಕೇಳಿ ಸುಮ್ಮನಾಗುತ್ತಾರೆ. ಸಿರಿಯಾಕಿನವರು ಮುಂದೆ ಆಗುವುದನ್ನು ಹೇಳುವ ರೂಪದಲ್ಲಿಯೇ ಹಾರೈಕೆಯನ್ನೂ ಮುಗಿಸುತ್ತಾರೆ. ನಾವು ಕನ್ನಡದವರು ಕೊನೆಗೊಂದು ‘ಲಿ’ ಹಚ್ಚಿ ಕೈ ತೊಳೆದುಕೊಳ್ಳುತ್ತೇವೆ.

ಸಿರಿಯಾಕಿಗೆ ಒಂದು ವ್ಯಾಕರಣದ ಪುಸ್ತಕವೇ ಗತಿಯಾಗಿತ್ತು. ಹೀಬ್ರೂವಿಗೆ ಭದ್ರಾವತಿಯಲ್ಲಿ ಒಬ್ಬ ವೃದ್ಧ ಪಾದ್ರಿಗಳಿದ್ದರು. ಕಾರ್ಖಾನೆಯ ಕೆಲಸಗಾರರ ಸಭೆಯನ್ನು ನಡೆಸುತ್ತಿದ್ದ ಅವರನ್ನು ಎಲ್ಲರೂ ಅಯ್ಯನವರು ಎನ್ನುತ್ತಿದ್ದರು. ಯೌವನದಲ್ಲಿ ಕಲಿತ ಹೀಬ್ರೂವನ್ನು ಕೇಳುವವರೇ ಇಲ್ಲದೆ ನಲವತ್ತು ವರ್ಷ ಕಾಪಾಡಿಕೊಂಡು ಬಂದಿದ್ದ ಅವರಿಗೆ, ನಾನು ಹೋದ ದಿನ ಒಣಗಿದ ಹೊಲಕ್ಕೆ ಮಳೆ ಬಂದಷ್ಟು ಸಂತೋಷವಾಗಿತ್ತು.

ಅರಬ್ಬಿಗೆ ನಮ್ಮ ಊರಿನ ಒಂದು ಮಸೀದಿಯ ಮೌಲ್ವಿಗಳು. ಮಸೀದಿಗೆ ಅಂಟಿಕೊಂಡ ಒಂದೂವರೆ ಕೋಣೆಯಲ್ಲಿ ಅವರ ಸಂಸಾರ. ಅದೇ ಕೋಣೆಯ ಮುಂದಿನ ಜಗಲಿಯಲ್ಲಿ ಮಕ್ಕಳಿಗೆ ಪಾಠ. ಸಂಜೆಯ ನಮಾಜು ಮುಗಿದ ಮೇಲೆ ಮುಕ್ಕಾಲು ಗಂಟೆ ನನಗೆ ಮೀಸಲು. ಇದಕ್ಕಾಗಿ ಅವರು ನನ್ನಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ಭಾಷೆ ಕೇಳಿಕೊಂಡು ಬಂದವನನ್ನು ವಾಪಸು ಕಳಿಸಬಾರದು ಎಂದರು.

ಕೆಲಸದ ಕ್ರಮ ಹೀಗಿತ್ತು. ಅಂಗೈ ಅಗಲದ ಚೀಟಿಗಳನ್ನು ಕತ್ತರಿಸಿ ಇಟ್ಟುಕೊಂಡು ಹೋಗುತ್ತಿದ್ದೆ. ನಾನು ಬೇಕಾದ ಅರ್ಥವನ್ನು ಕನ್ನಡದಲ್ಲಿ ಹೇಳಬೇಕು. ಮೌಲ್ವಿಗಳು ಅದನ್ನು ಅರಬ್ಬಿಯಲ್ಲಿ ತಮ್ಮ ಕೈಯಿಂದಲೇ ಬರೆಯಬೇಕು, ಏಕೆಂದರೆ ನನ್ನ ಅರಬ್ಬಿ ಅಕ್ಷರ ಮಳೆಗಾಲದ ಎರೆಹುಳುವಿನ ಹಾಗಿತ್ತು. ಅವರು ಓದಿ ಹೇಳಿದ್ದನ್ನು ನಾನು ಪಕ್ಕದಲ್ಲಿ ಗುರುತು ಹಾಕಿಕೊಂಡು, ಮೂಲೆಯಲ್ಲಿ ಕ್ರಮಸಂಖ್ಯೆ ಕೊಡುತ್ತಿದ್ದೆ. ಭಾನುವಾರ ಮನೆಯಲ್ಲಿ ಕುಳಿತು ಅಷ್ಟನ್ನೂ ದಪ್ಪ ಕಾರ್ಡುಗಳಿಗೆ ಇಳಿಸಿ, ಇಳಿಸಿದ ಚೀಟಿಗೆ ಕೆಂಪು ಗೀಟು ಎಳೆಯುವುದು. ಗೀಟು ಬಿದ್ದ ಚೀಟಿ ನನ್ನ ಪಾಲಿಗೆ ಸತ್ತಂತೆ. ಮನೆಯಲ್ಲಿ ಎರಡು ಪ್ರತಿ ಇದ್ದರೆ ಎರಡು ಸತ್ಯ ಇದ್ದ ಹಾಗೆ ಎನ್ನುವುದು ನನ್ನ ಗುರುಗಳ ಶಾಸನ.

ಇದರಲ್ಲಿ ಒಂದೇ ತೊಡಕು ಇತ್ತು. ಮೊದಲ ದಿನ ನಾನು ‘ದೇವರು ನಿನಗೆ ಆರೋಗ್ಯ ಕೊಡಲಿ’ ಎಂಬುದನ್ನು ಬರೆದುಕೊಡಿ ಎಂದಾಗ ಮೌಲ್ವಿಗಳು ಲೇಖನಿಯನ್ನು ಹಾಗೆಯೇ ಹಿಡಿದುಕೊಂಡು, ಯಾರಿಗೆ ಎಂದು ಕೇಳಿದರು. ಯಾರಿಗೂ ಅಲ್ಲ, ಉದಾಹರಣೆಗೆ ಎಂದೆ.

“ಖಾಲಿ ದುವಾ ಅಂತ ಇಲ್ಲ ಮೇಷ್ಟ್ರೇ. ಯಾರಿಗೆ ಅಂತ ಹೇಳಿ, ಬರೀತೀನಿ.”

ದುವಾ ಎಂದರೆ ದೇವರಲ್ಲಿ ಬೇಡಿಕೆ. ಆಗ ನನ್ನ ಮನೆಯಾಕೆಗೆ ಜ್ವರವಿತ್ತು. ಅವಳ ಹೆಸರು ಹೇಳಿದೆ. ಬರೆದರು. ಅಂದಿನಿಂದ ಪ್ರತಿಯೊಂದು ವ್ಯಾಕರಣರೂಪಕ್ಕೂ ಒಬ್ಬ ಮನುಷ್ಯನನ್ನು ಒದಗಿಸುವುದು ನನ್ನ ಜವಾಬ್ದಾರಿಯಾಯಿತು. ಅಯ್ಯನವರ ಮೊಣಕಾಲುನೋವು, ಪರೀಕ್ಷೆಗೆ ಕುಳಿತ ವಿದ್ಯಾರ್ಥಿಗಳು, ಪಕ್ಕದ ಬೀದಿಯ ಟಾಂಗಾದವನ ಕುಂಟುವ ಕುದುರೆ, ಎಲ್ಲರೂ ಸರದಿಯ ಮೇಲೆ ಬಂದುಹೋದರು. ಸತ್ತವರಿಗೆ ಹಾರೈಸುವ ರೂಪಕ್ಕೆ ಯಾರನ್ನು ಇಟ್ಟುಕೊಳ್ಳೋಣ ಎಂದು ಕೇಳಿದ ದಿನ ಮೌಲ್ವಿಗಳು ನನ್ನನ್ನು ಕೇಳದೆ ತಾವೇ ಬರೆದರು. ಓದಿದರು. ಹಿಂದಿನ ವರ್ಷ ತೀರಿಕೊಂಡ ಅವರ ಹಿರಿಯ ಮಗಳ ಹೆಸರು ಅದರಲ್ಲಿತ್ತು. ನಾನು ಮೂಲೆಯಲ್ಲಿ ಸಂಖ್ಯೆ ಹಾಕಿದೆ: ಐವತ್ತೆಂಟು.

ದಿನವೂ ನಾನು ಏಳುವಾಗ ಅವರು “ಚೀಟಿ ಜೋಪಾನ, ಮೇಷ್ಟ್ರೇ” ಎನ್ನುತ್ತಿದ್ದರು. ಬೀಳ್ಕೊಡುವಾಗ ಆಡುವ ಉಪಚಾರದ ಕೋರಿಕೆಗೆ ಇದು ಒಳ್ಳೆಯ ನಿದರ್ಶನ ಎಂದು ನಾನು ಅದನ್ನೂ ಒಂದು ಕಾರ್ಡಿನ ಮೇಲೆ ಬರೆದಿಟ್ಟುಕೊಂಡೆ.

ಎಂಟು ತಿಂಗಳಲ್ಲಿ ಅರಬ್ಬಿಯ ಚೀಟಿಗಳು ನೂರಹನ್ನೆರಡಾದವು. ಪ್ರಬಂಧವನ್ನು ಮೂರು ಪ್ರತಿ ಟೈಪು ಮಾಡಿಸಿದೆ. ಟೈಪು ಯಂತ್ರಕ್ಕೆ ಅರಬ್ಬಿ ಬಾರದಾದ್ದರಿಂದ ಆ ವಾಕ್ಯಗಳ ಜಾಗವನ್ನೆಲ್ಲ ಖಾಲಿ ಬಿಡಿಸಿ, ಕೆಳಗೆ ಅರ್ಥವನ್ನು ಮಾತ್ರ ಹೊಡೆಸಿದ್ದೆ. ಖಾಲಿ ಜಾಗಗಳನ್ನು ನನ್ನ ಕಾರ್ಡು ನೋಡಿಕೊಂಡು ಮೌಲ್ವಿಗಳು ತುಂಬಿಕೊಡುವುದು, ಎರಡು ವಾರ ಬಿಟ್ಟು ಬರುವ ಸೋಮವಾರ ಪ್ರಬಂಧ ರಿಜಿಸ್ಟರ್ಡ್ ಅಂಚೆಯಲ್ಲಿ ವಿಶ್ವವಿದ್ಯಾನಿಲಯಕ್ಕೆ ಹೊರಡುವುದು, ಇಷ್ಟು ಬಾಕಿ. ಗೆದ್ದವನ ಉತ್ಸಾಹದಲ್ಲಿ ಮೇಜನ್ನು ಚೊಕ್ಕಟ ಮಾಡಿ, ಗೀಟು ಬಿದ್ದ ಚೀಟಿಗಳನ್ನು ಹಳೆಯ ಪತ್ರಿಕೆಗಳ ಜೊತೆ ಹುರಿಯಿಂದ ಬಿಗಿದು, ಗಂಟನ್ನು ಎರಡು ಸಲ ಹಾಕಿ, ನಾನೇ ರದ್ದಿ ಅಂಗಡಿಗೆ ಕೊಟ್ಟುಬಂದೆ. ಕಾಗದ ಕಾಲಿಗೆ ತಗಲಿದರೆ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಹುಟ್ಟಿದವನು ನಾನು. ಅದೇ ಮನೆಯಲ್ಲಿ ವರ್ಷವರ್ಷವೂ ಶಿವಪಾರ್ವತಿಯರ ಚಿತ್ರವಿದ್ದ ಕ್ಯಾಲೆಂಡರನ್ನು ರದ್ದಿಗೆ ಹಾಕುತ್ತಿದ್ದೆವು. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡುವ ಸಂದರ್ಭ ನಮಗೆ ಬಂದಿರಲಿಲ್ಲ.

ಆರನೆಯ ದಿನ, ಶನಿವಾರ ಮಧ್ಯಾಹ್ನ, ಮೌಲ್ವಿಗಳು ನಮ್ಮ ಮನೆಗೆ ಬಂದರು. ಅದೇ ಮೊದಲ ಸಲ. ಒಳಗೆ ಬನ್ನಿ ಎಂದರೆ ಬರಲಿಲ್ಲ, ಜಗಲಿಯ ಮೇಲೆ ಕೂರಲೂ ಇಲ್ಲ. ಜೇಬಿನಿಂದ ಬಿಳಿಯ ಕರವಸ್ತ್ರ ತೆಗೆದು, ಬಿಡಿಸಿ, ಅದರೊಳಗಿದ್ದ ಒಂದು ಸುಕ್ಕಾದ ಚೀಟಿಯನ್ನು ತೋರಿಸಿದರು. ಅದಕ್ಕೆ ಕಡಲೆಕಾಯಿಯ ಸಿಪ್ಪೆಯ ಪುಡಿ ಅಂಟಿತ್ತು. ಕೆಂಪು ಗೀಟು ಇತ್ತು.

“ಅಕ್ಷರ ನಂದು,” ಎಂದರು. “ನಂಬರು ನಿಮ್ದು.”

ಐವತ್ತೆಂಟು.

ಸಂಗತಿ ಅವರೇ ಹೇಳಿದರು. ಮಸೀದಿಯ ಆಡಳಿತ ನೋಡಿಕೊಳ್ಳುವ ಮುತವಲ್ಲಿ ಒಬ್ಬ ಮರದ ನಾಟಾ ವ್ಯಾಪಾರಿ. ಅವರು ಗಾಂಧಿ ಬಜಾರಿನಲ್ಲಿ ಹುರಿದ ಕಡಲೆಕಾಯಿ ಕೊಂಡು, ತಿಂದು, ಪೊಟ್ಟಣ ಬಿಸಾಡುವ ಮೊದಲು ನೋಡಿದ್ದಾರೆ. ದೇವರ ಹೆಸರು, ತಮ್ಮ ಮೌಲ್ವಿಗಳ ಕೈಬರಹ, ಅವರದೇ ಸತ್ತ ಮಗಳ ಹೆಸರು. ದೇವರ ಹೆಸರಿರುವ ಕಾಗದವನ್ನು ಅವರಲ್ಲಿ ಯಾರೂ ಎಸೆಯುವುದಿಲ್ಲ. ಹಳತಾದರೆ ಹೂಳುತ್ತಾರೆ, ಇಲ್ಲವೆ ಹರಿಯುವ ನೀರಿಗೆ ಬಿಡುತ್ತಾರೆ. ಹೊರಗಿನವರಿಗೆ ಬರೆದುಕೊಟ್ಟು ಹೀಗೆ ಬೀದಿಗೆ ಬೀಳಿಸಿದವರು ಮಕ್ಕಳಿಗೆ ಏನು ಕಲಿಸಿಯಾರು ಎಂಬ ಪ್ರಶ್ನೆ ಎದ್ದಿದೆ. ಬರುವ ಶುಕ್ರವಾರದ ನಮಾಜಿನ ನಂತರ ಕಮಿಟಿ ಕೂರುತ್ತದೆ. ಕೆಲಸ ಹೋದರೆ ಕೋಣೆಯೂ ಹೋಗುತ್ತದೆ. ಇಷ್ಟನ್ನೂ ಅವರು ಪಾಠ ಹೇಳುವ ದನಿಯಲ್ಲಿಯೇ ಹೇಳಿ, ಕೊನೆಗೆ ನನ್ನ ಮುಖ ನೋಡಿದರು.

ಪ್ರಬಂಧದಲ್ಲಿ ಕೋರಿಕೆಗಳನ್ನು ಏಳು ಬಗೆಯಾಗಿ ವಿಂಗಡಿಸಿದ್ದ ನನ್ನ ಬಾಯಿಂದ ಆ ಹೊತ್ತಿನಲ್ಲಿ ಕ್ಷಮೆಯ ಕೋರಿಕೆಯೊಂದು ಬರಬಹುದಿತ್ತು. ಬಂದದ್ದು ಬೇರೆ.

“ಮನೆಯವ್ರು ಹಳೇ ಪೇಪರ್ ಜೊತೆ ಕೊಟ್ಬಿಟ್ಟಿದ್ದಾರೆ ಅಂತ ಕಾಣುತ್ತೆ. ಅವ್ರಿಗೆ ಗೊತ್ತಾಗಲ್ಲ.”

ಮೌಲ್ವಿಗಳ ಭುಜ ಇಳಿದದ್ದು ನನಗೆ ಕಾಣಿಸಿತು. ಹಾಗಾದರೆ ಅದರಲ್ಲಿ ಪಾಪವಿಲ್ಲ, ಲಿಪಿ ತಿಳಿಯದ ಹೆಣ್ಣುಮಕ್ಕಳು, ಮೇಷ್ಟ್ರು ಹಾಗೆ ಮಾಡುವವರಲ್ಲ ಎಂದು ನಾನೇ ಕಮಿಟಿಯ ಮುಂದೆ ಹೇಳುತ್ತೇನೆ ಎಂದರು. ಚೀಟಿಯನ್ನು ಮತ್ತೆ ಕರವಸ್ತ್ರದಲ್ಲಿ ಮಡಿಸಿಕೊಂಡು ಹೋದರು.

ಬಾಗಿಲ ಹಿಂದೆ ಮನೆಯಾಕೆ ನಿಂತಿದ್ದಳು.

“ಆ ಕಟ್ಟು ಕಟ್ಟಿದ್ದು ಯಾರು?” ಎಂದಳು.

ನಾನು ಏನೋ ಹೇಳಲು ಹೊರಟೆ. ಅವಳು ಕೈಯೆತ್ತಿ ತಡೆದಳು.

“ನನ್ನ ಕೇಳಿದ್ದಿದ್ರೆ ಒಪ್ಕೊಂಡ್ಬಿಡ್ತಿದ್ನೇನೋ, ಹೋಗ್ಲಿ ಒಬ್ರ ಕೆಲ್ಸ ಉಳೀಲಿ ಅಂತ. ನೀವು ಕೇಳ್ಲಿಲ್ಲ ರೀ.”

ಅಂದು ಊಟಕ್ಕೆ ಉಪ್ಪು ಹೆಚ್ಚಾಗಿತ್ತು. ಮಜ್ಜಿಗೆ ಬೆರೆಸಿಕೊಂಡು ಉಂಡೆ.

ಭಾನುವಾರ ಬೆಳಿಗ್ಗೆಯೇ ಬಜಾರಿಗೆ ಹೋದೆ. ಕಡಲೆಕಾಯಿಯವನು ಪೊಟ್ಟಣದ ಕಾಗದವನ್ನು ತಂತಿಗೆ ಪೋಣಿಸಿ ನೇತುಹಾಕಿದ್ದ. ಅವನ ತಂತಿಯನ್ನೆಲ್ಲ ಬಿಚ್ಚಿ ನೋಡುವುದಕ್ಕೆ ಅವನೇನೂ ಅಡ್ಡಿ ಮಾಡಲಿಲ್ಲ; ನನ್ನನ್ನು ಮಾತ್ರ ಒಂದು ಥರ ನೋಡಿದ. ಹತ್ತೊಂಬತ್ತು ಚೀಟಿ ಸಿಕ್ಕವು. ಕಾಗದ ಕೊಂಡ ರದ್ದಿ ಅಂಗಡಿಯ ಯಜಮಾನ ಗುರುತಿನವನು. ಅವನ ಮೂಟೆಗಳನ್ನು ಸುರಿದು, ಮಂಡಿಯೂರಿ ಕುಳಿತು, ಇನ್ನೂ ಮೂವತ್ತನಾಲ್ಕು ಆರಿಸಿದೆ. ಚೀಟಿಗೆ ಸಂಖ್ಯೆ ಹಾಕುವ ಅಭ್ಯಾಸದ ಪ್ರಯೋಜನ ಅಂದು ತಿಳಿಯಿತು. ಯಾವುದು ಸಿಕ್ಕಿತು, ಯಾವುದು ಸಿಕ್ಕಿಲ್ಲ ಎಂಬ ಪಟ್ಟಿ ಕೈಯಲ್ಲಿತ್ತು. ಮುತವಲ್ಲಿಯ ಕಣ್ಣಿಗೆ ಬಿದ್ದದ್ದೂ ಸೇರಿ ಐವತ್ತನಾಲ್ಕು. ಉಳಿದ ಐವತ್ತೆಂಟು ಚೀಟಿ ಎಲ್ಲಿ?

“ಉಳಿದಿದ್ದು ಶುಕ್ರವಾರನೇ ಲಾರೀಲಿ ಭದ್ರಾವತಿಗೆ ಹೋಯ್ತು ಮಾರಾಯ್ರೆ,” ಎಂದ ಯಜಮಾನ. “ಹಳೇಪೇಟೆ ಕಡೆ ರಟ್ಟು ಮಾಡೋ ಶೆಡ್ಡಿದೆಯಲ್ಲ, ಅಲ್ಲಿಗೆ. ಅವರು ನೆನೆಹಾಕಿ ರುಬ್ತಾರೆ. ಅಂಥಾದ್ದೇನಿತ್ತು ಅದರಲ್ಲಿ, ಪತ್ರವಾ?”

ಪತ್ರವೇ ಎಂದೆ. ಯಾರಿಗೆ ಬರೆದದ್ದು ಎಂದು ಅವನು ಕೇಳಲಿಲ್ಲ.

ಸೋಮವಾರ ರಜೆ ಕೇಳಲು ಪ್ರಿನ್ಸಿಪಾಲರ ಹತ್ತಿರ ಹೋದಾಗ ಕಾರಣ ಹೇಳಲೇಬೇಕಾಯಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಕಾಲೇಜಿನ ಹೆಸರು ಎಲ್ಲಿಯೂ ಬರಬಾರದು ಎಂದರು; ನಿಮ್ಮ ಮನೆಯವರಿಂದ ಆಗಿದ್ದು ಅಂತ ಈಗಾಗಲೇ ಹೇಳಿದ್ದೀರಲ್ಲ, ಅಷ್ಟಕ್ಕೇ ಬಿಡಿ, ಬಹಳ ಚೆನ್ನಾಗಿದೆ ಎಂದರು. ನನ್ನ ಸುಳ್ಳಿಗೆ ಎರಡೇ ದಿನದಲ್ಲಿ ಇಷ್ಟು ದೊಡ್ಡವರ ಮೆಚ್ಚುಗೆ ಸಿಕ್ಕಿತು.

ಮಂಗಳವಾರ ಬೆಳಗಿನ ಭದ್ರಾವತಿಯ ಬಸ್ಸು ಹಿಡಿದೆ. ಮಲವಗೊಪ್ಪದಲ್ಲಿ ಬಸ್ಸು ನಿಂತುಬಿಟ್ಟಿತು. ಡ್ರೈವರು ಕೆಳಗಿಳಿದು ಬಾನೆಟ್ಟಿನೊಳಗೆ ತಲೆ ಹಾಕಿದವನು ಮುಕ್ಕಾಲು ಗಂಟೆ ಹೊರಗೆ ತೆಗೆಯಲಿಲ್ಲ. ರಸ್ತೆಯ ಬದಿಯಲ್ಲಿ ನಿಂತು ನಾನು ಪಟ್ಟಿಯನ್ನು ನೋಡುತ್ತಿದ್ದೆ. ಸಿಗದ ಸಂಖ್ಯೆಗಳಲ್ಲಿ ಮನೆಯಾಕೆಯ ಜ್ವರವಿತ್ತು, ಟಾಂಗಾದ ಕುದುರೆಯಿತ್ತು, ಅಯ್ಯನವರ ಮೊಣಕಾಲಿತ್ತು. ಅಲ್ಲಿಯವರೆಗೆ ಅವು ನನಗೆ ಕ್ರಿಯಾಪದಗಳಾಗಿದ್ದವು.

ಮೊದಲು ಅಯ್ಯನವರ ಮನೆಗೆ ಹೋದೆ. ಶೆಡ್ಡಿನ ಮೇಸ್ತ್ರಿ ಅವರ ಸಭೆಯವನು. ಅಯ್ಯನವರು ಎಲ್ಲವನ್ನೂ ಕೇಳಿ, ಊರುಗೋಲು ಹಿಡಿದು ಎದ್ದರು.

“ಯೆಹೂದ್ಯರೂ ಹೀಗೇ, ದೇವರ ಹೆಸರಿರೋ ಕಾಗದ ಎಸೆಯಲ್ಲ, ಹೂಳ್ತಾರೆ ಅಂತ ನಿಮಗೆ ಹೇಳಿದ್ದೆ, ಅಲ್ವಾ ಮೇಷ್ಟ್ರೇ?”

“ಹೇಳಿದ್ರಿ.”

“ಏನು ಮಾಡಿದ್ರಿ?”

“ಕಾರ್ಡಿನ ಮೇಲೆ ಬರ್ಕೊಂಡೆ.”

“ಬರ್ಕೊಂಡ್ರಿ,” ಎಂದು ಅವರು ಮೆಟ್ಟಿಲಿಳಿದರು.

ಶೆಡ್ಡಿನೊಳಗೆ ಸುಣ್ಣದ ಮತ್ತು ಕೊಳೆತ ಕಾಗದದ ವಾಸನೆ. ಒಂದು ಬದಿಗೆ ಆಳೆತ್ತರದ ಕಾಗದದ ರಾಶಿ, ಇನ್ನೊಂದು ಬದಿಗೆ ನಾಲ್ಕು ಸಿಮೆಂಟಿನ ತೊಟ್ಟಿ. ತೊಟ್ಟಿಯಲ್ಲಿ ನೆನೆದ ಕಾಗದವನ್ನು ರುಬ್ಬಿ, ಹಾಸಿ, ಬಿಸಿಲಿಗೆ ಒಣಗಿಸಿದರೆ ರಟ್ಟು. ಮೇಸ್ತ್ರಿ ತಮಿಳಿನವನು. ಅಯ್ಯನವರನ್ನು ಕಂಡು ತಲೆಯ ಟವಲು ತೆಗೆದ. ಶಿವಮೊಗ್ಗದ ಲೋಡಿನಲ್ಲಿ ಎರಡು ಪಿಂಡಿ ನಿನ್ನೆ ತೊಟ್ಟಿಗೆ ಬಿದ್ದಿದೆ, ಐದು ಉಳಿದಿದೆ ಎಂದ.

“ಸಂಜೆ ಐದಕ್ಕೆ ಮಿಕ್ಕಿದ್ದು ಹಾಕ್ಬೇಕು ಸಾರ್. ಅಲ್ಲೀತನಕ ನೀವು ಹುಡುಕಿ ಪಾತ್ಕೊಳ್ಳಿ, ನಾನು ಬೇಡ ಅನ್ನಲ್ಲ. ಐದಾದ್ಮೇಲೆ ಅಯ್ಯನೋರು ಹೇಳಿದ್ರೂ ಆಗಲ್ಲ. ಶೆಡ್ಡಿನ ಮೊದಲಾಳಿ ನನ್ನನ್ನೇ ತೊಟ್ಟೀಲಿ ಹಾಕ್ತಾರೆ.”

ಹತ್ತೂಮುಕ್ಕಾಲಕ್ಕೆ ಕುಳಿತೆವು. ಪಿಂಡಿಯ ತಂತಿ ಕತ್ತರಿಸಿದರೆ ಒತ್ತಿಟ್ಟಿದ್ದ ಕಾಗದ ಉಬ್ಬಿ ಹರಡಿಕೊಳ್ಳುತ್ತಿತ್ತು. ಕೋರ್ಟಿನ ಸಮನ್ಸು, ಮದುವೆಯ ಲಗ್ನಪತ್ರಿಕೆ, ಮಂಡಿಯ ಚೀಟಿ, ಯಾರದೋ ಹುಡುಗಿಯ ಕಾಪಿಪುಸ್ತಕ. ಅಯ್ಯನವರು ಸ್ಟೂಲಿನ ಮೇಲೆ ಕುಳಿತು ಊರುಗೋಲಿನ ತುದಿಯಿಂದ ಕೆದಕುವುದು, ಕೆಂಪು ಗೀಟು ಕಂಡರೆ ‘ಅಗೋ’ ಎನ್ನುವುದು, ನಾನು ಬಾಗಿ ತೆಗೆದುಕೊಂಡು ಪಟ್ಟಿಯಲ್ಲಿ ಗುರುತು ಹಾಕುವುದು. ಮೊದಲ ಪಿಂಡಿಯಲ್ಲಿ ಒಂದೂ ಇರಲಿಲ್ಲ. ಎರಡನೆಯದರಲ್ಲಿ ನಾಲ್ಕು. ಮೂರನೆಯದು ಪೂರಾ ಯಾವುದೋ ಕಚೇರಿಯ ಕಡತ; ಅದಕ್ಕೆ ಒಂದು ಗಂಟೆ ಹಾಳಾಯಿತು. ಕಾರ್ಖಾನೆಯ ಎರಡು ಗಂಟೆಯ ಸೈರನ್ನು ಕೂಗಿದಾಗ ಕೈಯಲ್ಲಿದ್ದದ್ದು ನಾಲ್ಕೇ.

ನಾಲ್ಕನೆಯ ಪಿಂಡಿ ಕತ್ತರಿಸಿದಾಗ ನನ್ನದೇ ಹಳೆಯ ಪತ್ರಿಕೆಗಳು ಕಂಡವು. ಹುರಿ ಹರಿದಿತ್ತು, ಎರಡು ಗಂಟು ಹಾಗೆಯೇ ಇತ್ತು. ಅದನ್ನು ನೋಡಿದ ಅಯ್ಯನವರು, ನಿಮ್ಮ ಮನೆಯವರು ಗಂಟು ಗಟ್ಟಿಯಾಗಿ ಹಾಕುತ್ತಾರೆ ಎಂದರು. ನಾನು ಮೌಲ್ವಿಗಳಿಗೆ ಹೇಳಿದ್ದನ್ನೇ ಅವರಿಗೂ ಹೇಳಿದ್ದೆ. ಆ ಪಿಂಡಿಯೊಂದರಲ್ಲೇ ಮೂವತ್ತೊಂದು ಚೀಟಿ ಸಿಕ್ಕವು. ಐದನೆಯದರಲ್ಲಿ ಹನ್ನೆರಡು. ಐದಕ್ಕೆ ಹತ್ತು ನಿಮಿಷವಿದ್ದಾಗ ಮೇಸ್ತ್ರಿ ಬಂದು ನಿಂತ. ಎದ್ದೆವು.

ಹೊರಡುವ ಮುನ್ನ ನಾನು ತೊಟ್ಟಿಯ ಅಂಚಿಗೆ ಹೋಗಿ ನೋಡಿದೆ. ಹಿಂದಿನ ದಿನ ಬಿದ್ದದ್ದು ಬೂದುಬಣ್ಣದ ಗಂಜಿಯಾಗಿತ್ತು. ನೂರಹನ್ನೆರಡರಲ್ಲಿ ನೂರೊಂದು ಸಿಕ್ಕಿದ್ದವು. ಹನ್ನೊಂದು ಅದರಲ್ಲಿತ್ತು, ಅಥವಾ ಇನ್ನೆಲ್ಲೋ ಇತ್ತು.

ಬಸ್ ಸ್ಟ್ಯಾಂಡಿನಲ್ಲಿ ಅಯ್ಯನವರಿಗೆ ನಿಜ ಹೇಳಿದೆ. ಗಂಟು ಹಾಕಿದ್ದು ನಾನೇ ಎಂದೆ. ಅವರು ಆಶ್ಚರ್ಯಪಡಲಿಲ್ಲ. ಮೌಲ್ವಿಗಳು ಶುಕ್ರವಾರ ದೇವರ ಮನೆಯಲ್ಲಿ ನಿಂತು ನಿಮ್ಮ ಸುಳ್ಳನ್ನು ತಮ್ಮ ಬಾಯಿಂದ ಹೇಳುತ್ತಾರೆ, ಅದಕ್ಕಿಂತ ಮುಂಚೆ ಹೋಗಿ ಎಂದಷ್ಟೇ ಹೇಳಿದರು.

ಬುಧವಾರ ಹೋಗಲಿಲ್ಲ. ಕಾಲೇಜಿನಲ್ಲಿ ಕೆಲಸವಿತ್ತು ಎಂದು ಬರೆಯಬಹುದು. ಎಲ್ಲ ಬುಧವಾರಗಳಲ್ಲಿ ಇರುವಷ್ಟೇ ಇತ್ತು. ಗುರುವಾರ ಸಂಜೆ ನಮಾಜು ಮುಗಿಯುವುದನ್ನು ಕಾದು, ಮೌಲ್ವಿಗಳ ಜಗಲಿಗೆ ಹೋಗಿ, ಶುಭ್ರವಾದ ಪಂಚೆಯಲ್ಲಿ ಕಟ್ಟಿದ್ದ ಚೀಟಿಗಳನ್ನು ಮುಂದಿಟ್ಟು, ಎಸೆದವನು ನಾನೇ ಎಂದು ಹೇಳಿದೆ. ಅವರು ಬಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿದರು.

“ಅಮ್ಮಾವ್ರಿಗೆ ಗೊತ್ತಾ, ಅವರ ಹೆಸರು ಹೇಳಿದ್ದು?”

“ಗೊತ್ತು.”

“ಏನಂದ್ರು?”

“ಇನ್ನೂ ಅಂತಾನೇ ಇದ್ದಾರೆ.”

ಅವರು ನಗಲಿಲ್ಲ. “ನಾಳೆ ನೀವೇ ಬಂದು ಹೇಳಿ. ನಾನು ಬರೆದೆ ಅನ್ನೋದಷ್ಟು ನಾನು ಹೇಳ್ತೀನಿ,” ಎಂದು ಎದ್ದು ಒಳಗೆ ಹೋದರು. ಚೀಟಿ ಜೋಪಾನ ಎನ್ನಲಿಲ್ಲ. ಚೀಟಿಗಳು ಅವರ ಬಳಿಯೇ ಇದ್ದವು.

ಶುಕ್ರವಾರ ಎರಡು ಗಂಟೆಗೆ ಮಸೀದಿಯ ಹೊರಪಡಸಾಲೆಯಲ್ಲಿ ಏಳು ಮಂದಿ ಕುಳಿತಿದ್ದರು. ನನಗೊಂದು ಕುರ್ಚಿ ಹಾಕಿದ್ದರು. ಎಲ್ಲರೂ ಚಾಪೆಯ ಮೇಲಿದ್ದುದರಿಂದ ನಾನೂ ಚಾಪೆಗೆ ಇಳಿದೆ; ಅದರಿಂದ ಯಾರ ಮುಖವೂ ಸಡಿಲವಾಗಲಿಲ್ಲ. ಕೋಣೆಯ ಬಾಗಿಲಿಗೆ ಪರದೆ ಇತ್ತು. ಅದರ ಹಿಂದೆ ಮೌಲ್ವಿಗಳ ಸಂಸಾರ ಇದೆ ಎಂಬುದು ಅಲ್ಲಿಯ ನಿಶ್ಶಬ್ದದಿಂದಲೇ ತಿಳಿಯುತ್ತಿತ್ತು.

ಮೌಲ್ವಿಗಳು ಎದ್ದು, ಬರೆದವನು ನಾನು, ಕಲಿಯುವವರು ಕೇಳಿದರೆಂದು ಬರೆದೆ ಎಂದರು. ನಾನು ಎದ್ದು, ಎಸೆದವನು ನಾನು ಎಂದೆ. ಮನೆಯವರ ಹೆಸರು ಹೇಳಿದ್ದು ಸುಳ್ಳು ಎಂದೆ. ಪಟ್ಟಿಯನ್ನು ಓದಿದೆ: ಬಜಾರಿನಲ್ಲಿ ಇಷ್ಟು, ರದ್ದಿ ಅಂಗಡಿಯಲ್ಲಿ ಇಷ್ಟು, ಭದ್ರಾವತಿಯಲ್ಲಿ ಇಷ್ಟು, ಸಿಗದ ಹನ್ನೊಂದರ ಸಂಖ್ಯೆಗಳು ಇವು. ಮೂವತ್ತು ವರ್ಷದ ಮೇಲೆ ಈಗ ಯೋಚಿಸಿದರೆ ಅದೊಂದೇ ನಾನು ಬರೆದ ದೋಷವಿಲ್ಲದ ಪ್ರಬಂಧ.

ಮುತವಲ್ಲಿ ದಪ್ಪ ಮೀಸೆಯ, ನಿಧಾನದ ಮನುಷ್ಯ.

“ಮೇಷ್ಟ್ರೇ, ಅವರು ಬರ್ಕೊಟ್ಟಿದ್ದು ದುವಾ. ನೀವು ಇಸ್ಕೊಂಡಿದ್ದು ಏನು?”

“ಉದಾಹರಣೆ,” ಎಂದೆ.

ಕಮಿಟಿಯವರು ಸಿಗದ ಹನ್ನೊಂದರ ಬಗ್ಗೆ ತಮ್ಮತಮ್ಮಲ್ಲಿ ಉರ್ದುವಿನಲ್ಲಿ ಮಾತಾಡಿಕೊಂಡರು. ನೀರಿನಲ್ಲಿ ಕರಗಿದ್ದು ಕರಗಿತು, ಅದನ್ನು ದೇವರಿಗೆ ಬಿಡಬೇಕು ಎಂದು ಒಬ್ಬರು ಹಿರಿಯರು ಹೇಳಿದ್ದು ನನಗೆ ಅರ್ಥವಾಯಿತು. ಗಾಳಿ ಸ್ವಲ್ಪ ತಿರುಗುತ್ತಿತ್ತು. ಕೊನೆಗೆ ಮುತವಲ್ಲಿ ಮೌಲ್ವಿಗಳ ಕಡೆ ತಿರುಗಿ, ನಿಮ್ಮ ಜವಾಬ್ದಾರಿಯ ಮೇಲೆ ಹೇಳಿ, ಹೊರಗೆ ಇನ್ನೇನೂ ಉಳಿದಿಲ್ಲವಷ್ಟೆ, ಇಷ್ಟೇ ತಾನೆ ಎಂದು ಕೇಳಿದರು.

“ಇಷ್ಟೇ,” ಎಂದರು ಮೌಲ್ವಿಗಳು.

ಅವರು ನಂಬಿಯೇ ಹೇಳಿದರು. ಅವರು ಚೀಟಿಗಳನ್ನು ಮಾತ್ರ ಕಂಡಿದ್ದರು. ಖಾಲಿ ಜಾಗ ತುಂಬುವ ದಿನ ತೋರಿಸಿದರಾಯಿತೆಂದು ಕಾರ್ಡುಗಳ ವಿಷಯ ನಾನು ಅವರಿಗೆ ಹೇಳಿಯೇ ಇರಲಿಲ್ಲ. ನಮ್ಮ ಮನೆಯ ತಗಡಿನ ಪೆಟ್ಟಿಗೆಯಲ್ಲಿ ನೂರಹನ್ನೆರಡೂ, ನನ್ನ ಎರೆಹುಳು ಅಕ್ಷರದಲ್ಲಿ, ಒಂದೂ ತಪ್ಪದೆ ಇದ್ದವು. ಕೇಳಿದವರು ಯಾರೂ ಇಲ್ಲ, ಕಂಡವರೂ ಇಲ್ಲ. ಸೋಮವಾರಕ್ಕೆ ಎರಡು ದಿನ ಉಳಿದಿತ್ತು. ಮೌಲ್ವಿಗಳು ಬರೆಯದಿದ್ದರೆ ನಾನೇ ಹೇಗೋ ಗೀಚಿ ಪ್ರಬಂಧವನ್ನು ಕಳಿಸಬಹುದಿತ್ತು. ಸುಮ್ಮನಿದ್ದರೆ ಮೌಲ್ವಿಗಳ ಕೆಲಸ ಉಳಿಯುತ್ತಿತ್ತು, ನನ್ನ ಪದವಿಯೂ. ಹೇಳಿದರೆ ಎರಡೂ ಹೋಗಬಹುದಿತ್ತು. ಆದರೆ ಒಂದೇ ವಾರದಲ್ಲಿ ಎರಡನೆಯ ಸಲ ಆ ಮನುಷ್ಯನ ಬಾಯಲ್ಲಿ ನಾನು ಸುಳ್ಳು ಇಟ್ಟಿದ್ದೆ.

“ಇಷ್ಟೇ ಅಲ್ಲ,” ಎಂದೆ. “ನಮ್ಮನೇಲಿ ಇನ್ನೊಂದು ಪ್ರತಿ ಇದೆ. ಪೂರ್ತಿ. ಅದು ಮೌಲ್ವಿ ಸಾಹೇಬ್ರಿಗೆ ಗೊತ್ತಿಲ್ಲ.”

ಮೌಲ್ವಿಗಳು ಕಣ್ಣುಮುಚ್ಚಿದರು. ಪರದೆ ಅಲುಗಿತು. ಮುತವಲ್ಲಿ, ಅದನ್ನು ಏನು ಮಾಡುತ್ತೀರಿ ಎಂದು ಕೇಳಿದರು. ಪ್ರಬಂಧಕ್ಕೆ ಇಳಿಸಿ ಕಳಿಸುವುದು ಎಂದೆ. ಕಳಿಸಿದ ಮೇಲೆ ಆ ಪ್ರಬಂಧ ಎಲ್ಲಿಗೆ ಹೋಗುತ್ತದೆ ಎಂದರು. ಪರೀಕ್ಷಕರ ಮನೆಗೆ, ಆಮೇಲೆ ಯಾವುದೋ ಬೀರುವಿಗೆ, ಆಮೇಲೆ ನನಗೆ ಗೊತ್ತಿಲ್ಲ ಎಂದೆ. ಅದು ನಿಜವಾಗಿತ್ತು.

“ಗೊತ್ತಿಲ್ಲದೋರ ಕೈಗೆ ಹೆಂಗೆ ಕೊಡ್ತೀರಿ?” ಎಂದರು ಅವರು. ಬೈಗುಳದ ದನಿ ಇರಲಿಲ್ಲ. ತಿಳಿಯಬೇಕೆಂದೇ ಕೇಳಿದ್ದರು.

ಕನ್ನಡ ಅಕ್ಷರದಲ್ಲಿ ಬರೆದರೆ ಆದೀತೇ ಎಂದು ನಾನು ಮೌಲ್ವಿಗಳನ್ನು ಕೇಳಿದೆ. ಹೆಸರು ಯಾವ ಅಕ್ಷರದಲ್ಲಿದ್ದರೂ ಹೆಸರೇ ಎಂದು ಅವರು ಕಣ್ಣುಮುಚ್ಚಿಕೊಂಡೇ ಹೇಳಿದರು.

ಅಲ್ಲಿಂದ ಮನೆಗೆ ಹತ್ತು ನಿಮಿಷದ ನಡಿಗೆ. ಮನೆಯಾಕೆ ಏನೂ ಕೇಳದೆ ಪೆಟ್ಟಿಗೆಯನ್ನು ಇಳಿಸಿಕೊಟ್ಟಳು. ಅದನ್ನು ತಂದು ಚಾಪೆಯ ಮೇಲಿಟ್ಟಾಗ ಏಳು ಮಂದಿಯೂ ಹಾಗೆಯೇ ಕುಳಿತಿದ್ದರು. ಮುತವಲ್ಲಿ ಮುಚ್ಚಳ ತೆಗೆದು, ಒಂದು ಕಾರ್ಡು ಎತ್ತಿ, ದೂರ ಹಿಡಿದು, ಹತ್ತಿರ ಹಿಡಿದು, ಮೌಲ್ವಿಗಳಿಗೆ ದಾಟಿಸಿದರು.

“ಇದು ಅರಬ್ಬಿ ಏನು ಸಾಹೇಬ್ರೇ?”

“ಮೇಷ್ಟ್ರು ಕಷ್ಟಪಟ್ಟಿದ್ದಾರೆ,” ಎಂದರು ಮೌಲ್ವಿಗಳು. ವಾರದಲ್ಲಿ ಮೊದಲ ಸಲ ಅವರ ಮುಖದಲ್ಲಿ ಏನೋ ಒಂದು ಸುಳಿಯಿತು.

ಕಮಿಟಿಯ ತೀರ್ಮಾನದಂತೆ ಭಾನುವಾರ ಬೆಳಿಗ್ಗೆ ಮೌಲ್ವಿಗಳು ಮತ್ತು ಮುತವಲ್ಲಿ ಚೀಟಿಗಳನ್ನೂ ಕಾರ್ಡುಗಳನ್ನೂ ಬಿಳಿಯ ಬಟ್ಟೆಯಲ್ಲಿ ಸುತ್ತಿ, ಕಲ್ಲು ಕಟ್ಟಿ, ಸೇತುವೆಯಿಂದ ಕೆಳಗೆ ತುಂಗೆಯ ಸೆಳವಿರುವ ಕಡೆ ಬಿಟ್ಟರು. ನಾನು ದಡದ ಮೇಲೆ ನಿಂತಿದ್ದೆ. ಬಟ್ಟೆ ಕಲ್ಲಿನ ಭಾರಕ್ಕೆ ಬೇಗ ಮುಳುಗಿತು.

ಆ ಮಧ್ಯಾಹ್ನ ಪ್ರಬಂಧದ ಮೂರು ಪ್ರತಿಗಳಲ್ಲಿಯೂ ಅರಬ್ಬಿಯ ಖಾಲಿ ಜಾಗಗಳಿಗೆ ಒಂದೊಂದು ಅಡ್ಡಗೆರೆ ಎಳೆದು, ಮೂಲವಾಕ್ಯಗಳನ್ನು ಅವನ್ನು ಕೊಟ್ಟವರಿಗೇ ಹಿಂದಿರುಗಿಸಲಾಗಿದೆ ಎಂದು ಒಂದು ಅಡಿಟಿಪ್ಪಣಿ ಬರೆದೆ. ಮುನ್ನೂರ ಮೂವತ್ತಾರು ಅಡ್ಡಗೆರೆಗಳು. ಮನೆಯಾಕೆ ಮಸಿ ಒತ್ತುವ ಕಾಗದ ಹಿಡಿದುಕೊಂಡು ಎದುರಿಗೆ ಕುಳಿತಿದ್ದಳು. ಸೋಮವಾರ ಪ್ರಬಂಧ ಅಂಚೆಗೆ ಹೋಯಿತು.

ಎಂಟು ತಿಂಗಳ ನಂತರ ಪರೀಕ್ಷಕರ ವರದಿ ಬಂತು. ಹೀಬ್ರೂ ಮತ್ತು ಸಿರಿಯಾಕ್ ಭಾಗಗಳನ್ನು ಒಪ್ಪಿದ್ದರು. ಅರಬ್ಬಿಯ ಅಧ್ಯಾಯವನ್ನು ಆಧಾರವಿಲ್ಲವೆಂದು ತೆಗೆದುಹಾಕಿ, ಪ್ರಬಂಧವನ್ನು ತಿದ್ದಿ ಮತ್ತೆ ಸಲ್ಲಿಸುವಂತೆ ಹೇಳಿದ್ದರು. ನಾನು ಸಲ್ಲಿಸಲಿಲ್ಲ. ಮೌಲ್ವಿಗಳು ಅದೇ ಮಸೀದಿಯಲ್ಲಿ ಇನ್ನೂ ಹದಿನಾಲ್ಕು ವರ್ಷ ಮಕ್ಕಳಿಗೆ ಪಾಠ ಹೇಳಿದರು.